ನಾಗರತ್ನಮ್ಮನವರು ಕೇಳಿದ ಪ್ರಶ್ನೆ

ಬೆಂಗಳೂರು ನಾಗರತ್ನಮ್ಮನವರ ಹೆಸರನ್ನು ಕೇಳದ ಸಂಗೀತರಸಿಕರು ನಮ್ಮಲ್ಲಿ ವಿರಳ. ತಿರುವಯ್ಯಾರಿನಲ್ಲಿ, ಕಾವೇರಿಯ ದಡದ ಮೇಲೆ, ತ್ಯಾಗರಾಜಸ್ವಾಮಿಗಳ ಸಮಾಧಿಗೆ ಗುಡಿಯನ್ನು ಕಟ್ಟಿಸಿದವರು ಅವರು. ತಾವು ಹಾಡಿ ಗಳಿಸಿದ ಹಣದ ಬಹುಭಾಗ ಆ ಗುಡಿಗೇ ಸಂದಿತು. ಆರಾಧನೆಯ ಕಾಲದಲ್ಲಿ ಅಲ್ಲಿ ಹೆಂಗಸರು ಹಾಡಕೂಡದೆಂದು ಇದ್ದ ಕಟ್ಟಳೆಯನ್ನು ಎದುರಿಸಿ ನಿಂತವರೂ ಅವರೇ. ಇವೆಲ್ಲ ಲೋಕಕ್ಕೆ ಗೊತ್ತಿರುವ ಸಂಗತಿಗಳು. ಆದರೆ ಅದಕ್ಕೆ ಬಹಳ ಮೊದಲೇ ಅವರು ಒಂದು ಹಳೆಯ ತೆಲುಗು ಕಾವ್ಯವನ್ನು ಹುಡುಕಿ, ಪರಿಷ್ಕರಿಸಿ, ಪೀಠಿಕೆ ಬರೆದು ಅಚ್ಚುಹಾಕಿಸಿದರೆಂಬುದೂ, ಆ ಪುಸ್ತಕವನ್ನು ಪೊಲೀಸರು ವಶಪಡಿಸಿಕೊಂಡರೆಂಬುದೂ ಅಷ್ಟಾಗಿ ತಿಳಿದ ವಿಷಯವಲ್ಲ.

ಸ್ತ್ರೀವಾದಿ ಸಾಹಿತ್ಯವಿಮರ್ಶೆಯ ಮಾತು ಬಂದಾಗಲೆಲ್ಲ ಈ ಪುಸ್ತಕದ ಕಥೆಯನ್ನು ನೆನೆಯುವುದು ಉಚಿತ. ಈ ವಿಮರ್ಶೆ ೧೯೭೦ರ ಈಚೆಗೆ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್ ದೇಶಗಳಿಂದ ಹಡಗಿನಲ್ಲಿ ಬಂದಿಳಿದ ಸರಕು ಎಂಬ ಭಾವನೆ ಅನೇಕರಲ್ಲಿದೆ. ಅದು ಅರ್ಧ ನಿಜ. ಆ ಹೆಸರು, ಆ ಪರಿಭಾಷೆ, ಆ ವಾದಸರಣಿ ಅಲ್ಲಿಂದ ಬಂದುವು. ಆದರೆ ಅದರ ಮೂಲದಲ್ಲಿರುವ ಪ್ರಶ್ನೆಗಳನ್ನು ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಹೆಸರಾಗಿ ಮದರಾಸಿನಲ್ಲಿ ನೆಲೆಸಿದ ಒಬ್ಬ ಗಾಯಕಿ ೧೯೧೦ರಲ್ಲಿಯೇ ಅಚ್ಚಿನಲ್ಲಿ ಕೇಳಿದ್ದರು. ಪ್ರಶ್ನೆ ಮೊದಲು ಬಂದಿತು. ಶಾಸ್ತ್ರ ಆಮೇಲೆ ಬಂದಿತು. ಆದುದರಿಂದ ಆ ಪುಸ್ತಕದ ಕಥೆಯನ್ನೇ ಹಿಡಿದುಕೊಂಡು ಈ ವಿಮರ್ಶೆಯ ಮುಖ್ಯ ದಾರಿಗಳನ್ನು ಪರಿಚಯ ಮಾಡಿಕೊಳ್ಳಬಹುದು.

ನಾಗರತ್ನಮ್ಮನವರು ಹುಟ್ಟಿದ್ದು ೧೮೭೮ರಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ. ದೇವದಾಸಿಯರ ಕುಲ. ಆ ಕಾಲದಲ್ಲಿ ಗೃಹಸ್ಥರ ಮನೆಯ ಹೆಣ್ಣುಮಕ್ಕಳಿಗೆ ಅಕ್ಷರಾಭ್ಯಾಸವೇ ಅಪರೂಪವಾಗಿದ್ದಾಗ ಈ ಕುಲದ ಹುಡುಗಿಯರಿಗೆ ಸಂಗೀತ, ನಾಟ್ಯಗಳ ಜೊತೆಗೆ ಭಾಷೆ, ಕಾವ್ಯಗಳ ಪಾಠವೂ ಆಗುತ್ತಿತ್ತು. ನಾಗರತ್ನಮ್ಮನವರಿಗೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಪರಿಶ್ರಮವಿತ್ತು. ಮದರಾಸಿಗೆ ಹೋಗಿ ನೆಲೆಸಿ ಕಚೇರಿಗಳಿಂದ ದೊಡ್ಡ ಹೆಸರು ಪಡೆದ ಮೇಲೂ ಗ್ರಂಥಗಳ ಸಹವಾಸವನ್ನು ಅವರು ಬಿಡಲಿಲ್ಲ. ತಂಜಾವೂರಿನ ಕಾಲದ ತೆಲುಗು ಸಾಹಿತ್ಯವನ್ನು ಓದುತ್ತಿದ್ದಾಗ ಅವರ ಕಣ್ಣಿಗೆ ಒಂದು ಹೆಸರು ಬಿದ್ದಿತು: ಮುದ್ದುಪಳನಿ. ಕಾವ್ಯದ ಹೆಸರು ‘ರಾಧಿಕಾ ಸಾಂತ್ವನಮು’.

ಮುದ್ದುಪಳನಿ ಹದಿನೆಂಟನೆಯ ಶತಮಾನದವಳು. ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹ (೧೭೩೯-೧೭೬೩) ಆಳುತ್ತಿದ್ದಾಗ ಅವನ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಗಣಿಕೆ. ತೆಲುಗು, ಸಂಸ್ಕೃತಗಳೆರಡರಲ್ಲೂ ಪಂಡಿತೆ. ಆಂಡಾಳಿನ ‘ತಿರುಪ್ಪಾವೈ’ಯನ್ನು ತೆಲುಗಿಗೆ ತಂದವಳು. ಅವಳ ‘ರಾಧಿಕಾ ಸಾಂತ್ವನಮು’ ೫೮೪ ಪದ್ಯಗಳ ಶೃಂಗಾರ ಪ್ರಬಂಧ. ಕಥೆ ಸರಳವಾದದ್ದು. ರಾಧೆ ತಾನು ಸಾಕಿ ಬೆಳೆಸಿದ ಇಳೆಯೆಂಬ ಹುಡುಗಿಯನ್ನು ತಾನೇ ಮುಂದೆ ನಿಂತು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಹುಡುಗಿಗೂ ಬುದ್ಧಿ ಹೇಳುತ್ತಾಳೆ, ಕೃಷ್ಣನಿಗೂ ಹೇಳುತ್ತಾಳೆ. ಆಮೇಲೆ ಅವರಿಬ್ಬರ ಅನ್ಯೋನ್ಯವನ್ನು ಸಹಿಸಲಾರದೆ ತಾನೇ ಬೇಯುತ್ತಾಳೆ, ಕೃಷ್ಣನ ಮೇಲೆ ಕೋಪಗೊಳ್ಳುತ್ತಾಳೆ. ಕೃಷ್ಣ ಬಂದು ಅವಳನ್ನು ಸಮಾಧಾನಪಡಿಸುತ್ತಾನೆ. ಶೃಂಗಾರಕಾವ್ಯಗಳಲ್ಲಿ ನಾಯಕನ ಬಯಕೆಗೆ ನಾಯಿಕೆ ವಿಷಯವಾಗುವುದು ವಾಡಿಕೆ. ಇಲ್ಲಿ ಬಯಸುವವಳೂ, ಮುನಿಯುವವಳೂ, ಒಲಿಸಿಕೊಳ್ಳಬೇಕೆಂದು ಹಟ ಹಿಡಿಯುವವಳೂ ರಾಧೆ. ಅದೂ ಎಳೆಯ ಹುಡುಗಿಯಲ್ಲ, ಪ್ರೌಢೆ.

ಈ ಕಾವ್ಯ ಆಗಲೇ ಒಮ್ಮೆ ಅಚ್ಚಾಗಿತ್ತು. ಸಿ. ಪಿ. ಬ್ರೌನ್ ಸಾಹೇಬರ ಸಹವರ್ತಿಯಾಗಿದ್ದ ಪೈಡಿಪಾಟಿ ವೆಂಕಟನರಸು ಎಂಬ ಪಂಡಿತರು ೧೮೮೭ರಲ್ಲಿ ಅದನ್ನು ಪ್ರಕಟಿಸಿದ್ದರು. ನಾಗರತ್ನಮ್ಮನವರು ಪ್ರಯಾಸಪಟ್ಟು ಆ ಪ್ರತಿಯನ್ನು ಸಂಪಾದಿಸಿದರು. ಆಮೇಲೆ ಹಸ್ತಪ್ರತಿಯೂ ದೊರೆಯಿತು. ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಅಚ್ಚಿನ ಪ್ರತಿಯಲ್ಲಿ ಏನೇನೋ ಬಿಟ್ಟುಹೋಗಿರುವುದು ಕಂಡುಬಂದಿತು. ಕೆಲವು ಪದ್ಯಗಳು ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುದ್ದುಪಳನಿ ತನ್ನ ವಂಶವನ್ನು ಹೇಳಿಕೊಳ್ಳುವ ಪೀಠಿಕೆಯ ಭಾಗವೇ ಇರಲಿಲ್ಲ. ಕವಿಗಳು ತಂದೆ, ತಾತ, ಗುರುಗಳನ್ನು ನೆನೆದು ಕಾವ್ಯವನ್ನು ಆರಂಭಿಸುವುದು ಸಂಪ್ರದಾಯ. ಮುದ್ದುಪಳನಿ ಅಲ್ಲಿ ತನ್ನ ಅಜ್ಜಿ ತಂಜನಾಯಕಿಯನ್ನು ಹಿಡಿದು ತನ್ನ ಮನೆಯ ಹೆಂಗಸರ ವಿದ್ಯೆಯನ್ನು ಹೊಗಳಿದ್ದಳು. ವಿದ್ವಾಂಸರನ್ನು ಸನ್ಮಾನಿಸಿ ಅವರಿಂದ ಕಾವ್ಯಗಳನ್ನು ಅಂಕಿತವಾಗಿ ಪಡೆದ ಹೆಂಗಸು ತನ್ನಂತೆ ಇನ್ನಾರಿದ್ದಾರೆ ಎಂದು ಹೆಮ್ಮೆಪಟ್ಟಿದ್ದಳು. ಆ ಹೆಂಗಸರ ಸಾಲು ಮುದ್ರಣಾಲಯದ ಬಾಗಿಲಲ್ಲಿ ಉದುರಿಹೋಗಿತ್ತು.

ನಾಗರತ್ನಮ್ಮನವರು ಬಿಟ್ಟದ್ದನ್ನೆಲ್ಲ ಸೇರಿಸಿ, ೧೯೧೦ರಲ್ಲಿ ಮದರಾಸಿನ ಪ್ರಸಿದ್ಧರಾದ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅವರ ಮೂಲಕ ಪುಸ್ತಕವನ್ನು ಹೊರತಂದರು. ಇದು ಹೆಂಗಸೊಬ್ಬಳು ಬರೆದ ಕಾವ್ಯ, ಅದರಲ್ಲಿಯೂ ತಮ್ಮ ಕುಲದವಳು ಬರೆದದ್ದು ಎಂಬ ಅಭಿಮಾನವನ್ನು ಅವರು ಮುಚ್ಚಿಡಲಿಲ್ಲ. ಆದರೆ ಪೀಠಿಕೆಯಲ್ಲಿ ಅಭಿಮಾನವಷ್ಟೇ ಅಲ್ಲ, ಒಂದು ವಾದವೂ ಇದ್ದಿತು. ಎದುರಿಗೆ ನಿಂತಿದ್ದವರು ಸಾಮಾನ್ಯರಲ್ಲ. ಆಂಧ್ರದ ನವೋದಯದ ಪಿತಾಮಹರೆನಿಸಿದ ಕಂದುಕೂರಿ ವೀರೇಶಲಿಂಗಂ ಪಂತುಲು.

ಪಂತುಲು ತೆಲುಗು ಕವಿಗಳ ಚರಿತ್ರೆಯನ್ನು ಬರೆದವರು. ಅದರಲ್ಲಿ ಮುದ್ದುಪಳನಿಯನ್ನು ಕುರಿತು ಕಟುವಾಗಿ ನುಡಿದಿದ್ದರು. ಶೃಂಗಾರರಸದ ನೆಪದಲ್ಲಿ ಅವಳು ನಾಚಿಕೆಯಿಲ್ಲದ ವರ್ಣನೆಗಳನ್ನು ತುಂಬಿದ್ದಾಳೆ, ಹೆಂಗಸು ಕೇಳಲೂ ಬಾರದ ಮಾತುಗಳು ಹೆಂಗಸಿನ ಬಾಯಿಂದಲೇ ಬಂದಿವೆ, ಹುಟ್ಟಿದ ಕುಲವನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ ಎಂಬುದು ಅವರ ತೀರ್ಪಿನ ಸಾರ. ಇದಕ್ಕೆ ನಾಗರತ್ನಮ್ಮನವರು ಕೊಟ್ಟ ಉತ್ತರ ಬಹಳ ಚಿಕ್ಕದು, ಬಹಳ ಚೊಕ್ಕದು. ಲಜ್ಜೆ, ಸಂಕೋಚಗಳೆಂಬುವು ಹೆಂಗಸರಿಗೆ ಮಾತ್ರವೋ, ಗಂಡಸರಿಗೆ ಇಲ್ಲವೋ? ಗಂಡಸರು ಬರೆದ ‘ವೈಜಯಂತೀವಿಲಾಸ’ದಂಥ ಕಾವ್ಯವನ್ನು ಪಂತುಲು ಅವರೇ ನೋಡಿ ಒಪ್ಪಿ ಅಚ್ಚಿಗೆ ಬಿಟ್ಟಿದ್ದಾರಲ್ಲ; ಅದರಲ್ಲಿರುವುದಕ್ಕಿಂತ ಇದರಲ್ಲಿರುವುದು ಹೆಚ್ಚೋ?

ಗಮನಿಸಬೇಕಾದ ಸಂಗತಿಯೊಂದಿದೆ. ಮುದ್ದುಪಳನಿಯ ಕಾವ್ಯದಲ್ಲಿ ಶೃಂಗಾರವಿಲ್ಲವೆಂದೋ, ಅದೆಲ್ಲ ಜೀವಾತ್ಮ ಪರಮಾತ್ಮರ ಸಂಬಂಧವೆಂದೋ ಅವರು ಜಾರಿಕೊಳ್ಳಲಿಲ್ಲ. ಅಂಥ ಸಮರ್ಥನೆ ಸುಲಭವಾಗಿ ಕೈಗೆಟುಕುವಂತಿತ್ತು. ಅವರು ಕೇಳಿದ್ದು ತಕ್ಕಡಿಯ ವಿಚಾರ. ಒಂದೇ ಸರಕನ್ನು ಗಂಡಸು ತಂದರೆ ಒಂದು ತೂಕ, ಹೆಂಗಸು ತಂದರೆ ಇನ್ನೊಂದು ತೂಕ ಆಗುವುದು ಏತಕ್ಕೆ?

ಇಂದಿನ ಸ್ತ್ರೀವಾದಿ ವಿಮರ್ಶೆಯ ಮೊದಲನೆಯ ದಾರಿ ಹೊರಡುವುದು ಇಲ್ಲಿಂದಲೇ. ಅಮೆರಿಕದ ಮೇರಿ ಎಲ್ಮನ್ ಅವರು ೧೯೬೮ರಲ್ಲಿ ಬರೆದ ಒಂದು ಗ್ರಂಥದಲ್ಲಿ ವಿಮರ್ಶಕರ ಒಂದು ಚಾಳಿಯನ್ನು ಎತ್ತಿ ತೋರಿಸಿದರು. ಹೆಂಗಸು ಬರೆದ ಪುಸ್ತಕ ಕೈಗೆ ಬಂದ ಕೂಡಲೇ ಅವರು ಆ ಪುಸ್ತಕವನ್ನೇ ಒಂದು ಹೆಂಗಸೆಂದು ಭಾವಿಸಿ ಅದರ ನಡತೆ, ಮೈಕಟ್ಟುಗಳನ್ನು ಅಳೆಯಲು ತೊಡಗುತ್ತಾರೆ ಎಂಬುದು ಅವರ ಮಾತು. ೧೯೭೦ರಲ್ಲಿ ಕೇಟ್ ಮಿಲೆಟ್ ಅವರು ಡಿ. ಎಚ್. ಲಾರೆನ್ಸ್, ಹೆನ್ರಿ ಮಿಲ್ಲರ್, ನಾರ್ಮನ್ ಮೈಲರ್ ಇಂಥ ದೊಡ್ಡವರ ಕೃತಿಗಳನ್ನು ಹಿಡಿದು, ಅಲ್ಲಿ ಪ್ರಣಯವೆಂದು ಮೆಚ್ಚಿಕೊಂಡದ್ದರಲ್ಲಿ ದರ್ಪವೆಷ್ಟಿದೆ ಎಂಬುದನ್ನು ಬಿಡಿಸಿಟ್ಟರು. ಪುರುಷರು ಬರೆದುದರಲ್ಲಿ ಹೆಣ್ಣು ಹೇಗೆ ಕಾಣುತ್ತಾಳೆ, ಹೆಣ್ಣು ಬರೆದದ್ದನ್ನು ಪುರುಷರು ಹೇಗೆ ಕಾಣುತ್ತಾರೆ ಎಂಬ ಈ ಎರಡು ಪ್ರಶ್ನೆಗಳು ಒಂದೇ ನಾಣ್ಯದ ಎರಡು ಮುಖ. ಎರಡನೆಯದನ್ನು ಮದರಾಸಿನಲ್ಲಿ ಆರು ದಶಕಗಳ ಹಿಂದೆಯೇ ಕೇಳಿಯಾಗಿತ್ತು.

ಕೇಳಿದ್ದಕ್ಕೆ ಉತ್ತರವೇನೋ ಬಂದಿತು, ಆದರೆ ವಾದದ ರೂಪದಲ್ಲಿ ಅಲ್ಲ. ಒಬ್ಬ ಸೂಳೆ ಬರೆದದ್ದನ್ನು ಇನ್ನೊಬ್ಬ ಸೂಳೆ ಪರಿಷ್ಕರಿಸಿದ್ದಾಳೆ ಎಂಬ ಧಾಟಿಯಲ್ಲಿ ಪತ್ರಿಕೆಯೊಂದು ಬರೆಯಿತು. ಸರ್ಕಾರದ ಅನುವಾದಕರು ಆಕ್ಷೇಪಾರ್ಹವೆನಿಸಿದ ಪದ್ಯಗಳನ್ನು ಇಂಗ್ಲಿಷಿಗೆ ತಂದು ಅಧಿಕಾರಿಗಳ ಮುಂದಿಟ್ಟರು. ತೆಲುಗು ಬಾರದ ಅಧಿಕಾರಿಗಳು ಆ ಗದ್ಯವನ್ನು ಓದಿ ಪದ್ಯದ ಶೀಲವನ್ನು ನಿರ್ಣಯಿಸಿದರು. ೧೯೧೧ರಲ್ಲಿ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಪ್ರಕಾಶಕರೂ ಪಂಡಿತರೂ ಮನವಿಗಳನ್ನು ಸಲ್ಲಿಸಿದರು, ಫಲಿಸಲಿಲ್ಲ. ೧೯೨೭ರಲ್ಲಿ ವಾವಿಳ್ಳ ಸಂಸ್ಥೆಯ ಮೇಲೆ ಮತ್ತೊಮ್ಮೆ ದಾಳಿಯಾಯಿತು.

ಆ ದಾಳಿಯ ಮರುವರ್ಷ, ೧೯೨೮ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹೆಣ್ಣುಮಕ್ಕಳ ಎರಡು ಕಾಲೇಜುಗಳಲ್ಲಿ ವರ್ಜೀನಿಯಾ ವುಲ್ಫ್ ಅವರು ಉಪನ್ಯಾಸ ಮಾಡಿದರು. ಅವುಗಳಿಂದ ಬೆಳೆದ ಪುಸ್ತಕ ೧೯೨೯ರಲ್ಲಿ ಹೊರಬಂದಿತು. ಶೇಕ್ಸ್‌ಪಿಯರನಿಗೆ ಅವನಷ್ಟೇ ಪ್ರತಿಭೆಯ ತಂಗಿಯೊಬ್ಬಳು ಇದ್ದಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂದು ಅವರು ಅದರಲ್ಲಿ ಊಹಿಸಿದರು. ಅವಳು ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ನಾಟಕಶಾಲೆಯ ಬಾಗಿಲಲ್ಲಿ ನಗೆಪಾಟಲಾಗುತ್ತಿದ್ದಳು, ಒಂದು ಸಾಲನ್ನೂ ಬರೆಯದೆ ಸಾಯುತ್ತಿದ್ದಳು. ಬರೆಯಬೇಕಾದರೆ ಹೆಂಗಸಿಗೆ ವರ್ಷಕ್ಕೆ ೫೦೦ ಪೌಂಡು ವರಮಾನವೂ ಬಾಗಿಲಿಗೆ ಅಗುಳಿಯಿರುವ ಒಂದು ಕೋಣೆಯೂ ಬೇಕು ಎಂದು ಲೆಕ್ಕ ಹಾಕಿದರು. ಪ್ರತಿಭೆಗೂ ಅಕ್ಕಿಬೇಳೆಗೂ ಸಂಬಂಧವುಂಟೆಂಬುದನ್ನು ಇಷ್ಟು ನೇರವಾಗಿ ಹೇಳಿದವರು ಅಪರೂಪ. ಈ ದೃಷ್ಟಿಯಿಂದ ನೋಡಿದರೆ ಮುದ್ದುಪಳನಿಯೂ ನಾಗರತ್ನಮ್ಮನವರೂ ಬರೆಯಲು ಸಾಧ್ಯವಾದದ್ದು ಏಕೆಂಬುದು ತಿಳಿಯುತ್ತದೆ: ಇಬ್ಬರಿಗೂ ಸ್ವಂತ ವಿದ್ಯೆಯಿತ್ತು, ಸ್ವಂತ ಗಳಿಕೆಯಿತ್ತು, ಸ್ವಂತ ಮನೆಯಿತ್ತು. ಅದನ್ನು ಕೊಟ್ಟ ಕುಲವೇ ಅವರಿಗೆ ಬೈಗುಳವೂ ಆಯಿತು.

ಎರಡನೆಯ ದಾರಿ ಹುಡುಕಾಟದ್ದು. ಹೆಂಗಸರು ಬರೆಯಲಿಲ್ಲವೋ, ಬರೆದದ್ದು ಉಳಿಯಲಿಲ್ಲವೋ, ಉಳಿದದ್ದು ಪಟ್ಟಿಗೆ ಸೇರಲಿಲ್ಲವೋ? ಇದನ್ನು ತಿಳಿಯಲು ಗ್ರಂಥಭಂಡಾರಗಳ ಧೂಳು ಕೊಡವಬೇಕು. ಅಮೆರಿಕದ ನೀಗ್ರೋ ಜನಾಂಗದ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರು ೧೯೩೭ರಲ್ಲಿ ಒಂದು ಉತ್ತಮ ಕಾದಂಬರಿಯನ್ನು ಬರೆದು, ೧೯೬೦ರಲ್ಲಿ ಬಡತನದಲ್ಲಿ ತೀರಿಕೊಂಡರು. ಅವರ ಗೋರಿಗೆ ಗುರುತೂ ಇರಲಿಲ್ಲ. ೧೯೭೩ರಲ್ಲಿ ಆಲಿಸ್ ವಾಕರ್ ಅವರು ಫ್ಲಾರಿಡಾದ ಸ್ಮಶಾನದಲ್ಲಿ ಹುಲ್ಲು ಪೊದೆಗಳ ನಡುವೆ ಆ ಸ್ಥಳವನ್ನು ಹುಡುಕಿ ಕಲ್ಲು ನಿಲ್ಲಿಸಿದರು. ಆ ಮೇಲೆ ಕಾದಂಬರಿಗೂ ಮರುಜೀವ ಬಂದಿತು. ನಾಗರತ್ನಮ್ಮನವರು ಎರಡು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದ್ದೂ ಇದೇ ಜಾತಿಯ ಕೆಲಸ. ಸಿದ್ಧಾಂತದ ಸದ್ದು ಇದರಲ್ಲಿ ಕಡಮೆ. ಆದರೆ ಇದಿಲ್ಲದಿದ್ದರೆ ಮಿಕ್ಕ ವಿಮರ್ಶೆಗೆ ಕೂರಲು ಜಾಗವೇ ಇರುವುದಿಲ್ಲ.

ಮೂರನೆಯದು ವಂಶಾವಳಿಯ ದಾರಿ. ದೊರೆತ ಲೇಖಕಿಯರನ್ನು ಒಬ್ಬೊಬ್ಬರನ್ನಾಗಿ ಅಲ್ಲ, ಒಂದು ಪರಂಪರೆಯಾಗಿ ನೋಡುವುದು. ಎಲೈನ್ ಶೋವಾಲ್ಟರ್ ಅವರು ೧೯೭೭ರ ತಮ್ಮ ಗ್ರಂಥದಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿಯರ ಚರಿತ್ರೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರು: ಗಂಡಸರ ಮಾದರಿಯನ್ನು ಅನುಸರಿಸಿದ ಕಾಲ, ಅದನ್ನು ಪ್ರತಿಭಟಿಸಿದ ಕಾಲ, ತಮ್ಮ ಅನುಭವವನ್ನೇ ಮಾದರಿಯಾಗಿ ಮಾಡಿಕೊಂಡ ಕಾಲ. ಎರಡು ವರ್ಷದ ಮೇಲೆ, ಲೇಖಕಿಯರನ್ನೇ ನಡುವೆ ಇಟ್ಟುಕೊಂಡು ನಡೆಸುವ ಈ ವಿಮರ್ಶೆಗೆ ‘ಗೈನೋಕ್ರಿಟಿಕ್ಸ್’ ಎಂಬ ಹೊಸ ಹೆಸರನ್ನು ಬಳಕೆಗೆ ತಂದರು. ಅದೇ ೧೯೭೯ರಲ್ಲಿ ಸಾಂಡ್ರಾ ಗಿಲ್ಬರ್ಟ್, ಸೂಸನ್ ಗುಬಾರ್ ಇಬ್ಬರೂ ಕೂಡಿ ಹತ್ತೊಂಬತ್ತನೆಯ ಶತಮಾನದ ಲೇಖಕಿಯರ ಮೇಲೆ ಒಂದು ಬೃಹದ್ಗ್ರಂಥವನ್ನು ಬರೆದರು. ಕವಿಯಾದವನಿಗೆ ಹಿಂದಿನ ಮಹಾಕವಿಗಳ ಭಾರ ಹೆಚ್ಚಾಯಿತೆಂಬ ಅಂಜಿಕೆ; ಕವಯಿತ್ರಿಗೆ ಹಿಂದೆ ಯಾರೂ ಇಲ್ಲವಲ್ಲ, ತಾನು ಬರೆಯಬಹುದೇ ಎಂಬ ಅಂಜಿಕೆ. ಇದು ಅವರ ವಾದದ ತಿರುಳು. ಮುದ್ದುಪಳನಿಗೆ ಆ ಅಂಜಿಕೆ ಇರಲಿಲ್ಲ; ಅವಳಿಗೆ ಹಿಂದೆ ಅಜ್ಜಿಯಿದ್ದಳು. ಅಜ್ಜಿಯನ್ನು ಅಳಿಸಿದವರು ಸಂಪಾದಕರು. ಪರಂಪರೆ ಇಲ್ಲದಿರುವುದು ಬೇರೆ, ಇದ್ದದ್ದನ್ನು ಕತ್ತರಿಸುವುದು ಬೇರೆ. ನಮ್ಮ ದೇಶದ ಮಟ್ಟಿಗೆ ಎರಡನೆಯದನ್ನೇ ಹೆಚ್ಚಾಗಿ ಶಂಕಿಸಬೇಕಾಗಿದೆ.

ಇನ್ನು ನಾಲ್ಕನೆಯ ದಾರಿ, ಎಲ್ಲಕ್ಕಿಂತ ಕಠಿಣವಾದದ್ದು. ಹೆಂಗಸು ಎಂದರೆ ಯಾವ ಹೆಂಗಸು? ೧೯೭೭ರಲ್ಲಿ ಬಾರ್ಬರಾ ಸ್ಮಿತ್ ಅವರು ಬಿಳಿಯ ಸ್ತ್ರೀವಾದಿಗಳನ್ನೇ ಈ ಪ್ರಶ್ನೆ ಕೇಳಿದರು: ನಿಮ್ಮ ಪಟ್ಟಿಯಲ್ಲಿ ಕರಿಯ ಹೆಂಗಸರೆಲ್ಲಿ? ೧೯೮೫ರಲ್ಲಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರು, ಎಲ್ಲರೂ ಮೆಚ್ಚುವ ‘ಜೇನ್ ಐರ್’ ಕಾದಂಬರಿಯಲ್ಲಿ ನಾಯಿಕೆ ತಲೆಯೆತ್ತಿ ನಿಲ್ಲಬೇಕಾದರೆ ಜಮೈಕಾದಿಂದ ಬಂದ ಇನ್ನೊಬ್ಬ ಹೆಂಗಸು ಅಟ್ಟದಲ್ಲಿ ಬೀಗಮುದ್ರೆಯಲ್ಲಿದ್ದು ಬೆಂಕಿಯಲ್ಲಿ ಸಾಯಬೇಕಾಯಿತು ಎಂಬುದನ್ನು ನೆನಪಿಸಿದರು.

ನಮ್ಮ ಕಥೆಯಲ್ಲಿಯೂ ಈ ಮುಳ್ಳು ಇದೆ. ವೀರೇಶಲಿಂಗಂ ಪಂತುಲು ಹೆಂಗಸರ ಶತ್ರುವಲ್ಲ. ೧೮೮೧ರಲ್ಲಿ ರಾಜಮಹೇಂದ್ರಿಯಲ್ಲಿ, ಊರೆಲ್ಲ ಬಹಿಷ್ಕಾರ ಹಾಕುತ್ತಿದ್ದರೂ ಜಗ್ಗದೆ, ವಿಧವಾವಿವಾಹವನ್ನು ನಡೆಸಿದವರು. ಹೆಣ್ಣುಮಕ್ಕಳ ವಿದ್ಯೆಗಾಗಿ ಜೀವ ಸವೆಸಿದವರು. ಅವರ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಅವರು ಉದ್ಧರಿಸಬೇಕೆಂದಿದ್ದ ಹೆಣ್ಣು ಗೃಹಿಣಿ. ಓದುಬಲ್ಲ, ಮಿತಭಾಷಿಣಿಯಾದ, ಗಂಡನಿಗೆ ತಕ್ಕ ಗೃಹಿಣಿ. ಆ ಚಿತ್ರ ಪೂರ್ತಿಯಾಗಬೇಕಾದರೆ ಗಣಿಕೆ ಚೌಕಟ್ಟಿನ ಆಚೆಗೆ ಹೋಗಬೇಕಾಗಿತ್ತು. ವಿಧವೆಗೆ ಬಾಗಿಲು ತೆರೆದ ಕೈಯೇ ಮುದ್ದುಪಳನಿಗೆ ಬಾಗಿಲು ಹಾಕಿತು. ಒಂದು ಕಾಲದ ಸುಧಾರಣೆ ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬ ಲೆಕ್ಕವನ್ನು ಕೇಳುವುದೇ ಈ ನಾಲ್ಕನೆಯ ದಾರಿಯ ಕೆಲಸ. ಸೂಸಿ ಥಾರು, ಕೆ. ಲಲಿತಾ ಇಬ್ಬರೂ ಸಂಪಾದಿಸಿ ೧೯೯೧ರಲ್ಲಿಯೂ ೧೯೯೩ರಲ್ಲಿಯೂ ಹೊರತಂದ ಭಾರತೀಯ ಲೇಖಕಿಯರ ಎರಡು ಸಂಪುಟಗಳು ಮುದ್ದುಪಳನಿಯ ಕಥೆಯನ್ನು ತೆಲುಗುನಾಡಿನ ಹೊರಗೂ ಪ್ರಸಿದ್ಧಿಗೆ ತಂದುವು. ಪಶ್ಚಿಮದ ಲೇಖಕಿಯರ ಚರಿತ್ರೆಗೆ ಹೊಲಿದ ಅಂಗಿಯನ್ನು ನಮ್ಮವರಿಗೆ ತೊಡಿಸಿದರೆ ಸರಿಹೋಗುವುದಿಲ್ಲವೆಂಬ ಎಚ್ಚರಿಕೆಯೂ ಅವುಗಳಲ್ಲಿದೆ.

ಹೆಂಗಸು ಬರೆದದ್ದೆಲ್ಲ ಬಂಡಾಯವೆಂದು ಭ್ರಮಿಸಬೇಕಾಗಿಲ್ಲ. ‘ರಾಧಿಕಾ ಸಾಂತ್ವನಮು’ ಅರಮನೆಯ ಕಾವ್ಯ. ಒಬ್ಬನಿಗೆ ಹಲವು ಹೆಂಡಿರಿರುವ ಏರ್ಪಾಡನ್ನು ಅದು ಪ್ರಶ್ನಿಸುವುದಿಲ್ಲ. ಇಳೆಯನ್ನು ಕೃಷ್ಣನ ಕೈಗೆ ಕೊಡುವವಳು ರಾಧೆಯೇ. ಇದರ ಪಕ್ಕದಲ್ಲಿ ನಮ್ಮ ಸಂಚಿ ಹೊನ್ನಮ್ಮನನ್ನು ಇಟ್ಟು ನೋಡಬಹುದು. ಅವಳೂ ಅರಮನೆಯ ಆಶ್ರಯದವಳು. ಚಿಕ್ಕದೇವರಾಜ ಒಡೆಯರ (೧೬೭೩-೧೭೦೪) ಕಾಲದಲ್ಲಿ ಎಲೆಯಡಕೆಯ ಸಂಚಿಯ ಊಳಿಗದಲ್ಲಿದ್ದವಳು. ಅವಳ ‘ಹದಿಬದೆಯ ಧರ್ಮ’ ಪತಿವ್ರತೆಯ ನಡತೆಯನ್ನು ಹೇಳುವ ಗ್ರಂಥ. ಅದು ನಮ್ಮಲ್ಲಿ ಮಾನ್ಯವಾಯಿತು, ಪಾಠಪುಸ್ತಕಗಳಿಗೂ ಬಂದಿತು. ಬಯಕೆಯನ್ನು ಹೇಳಿದವಳ ಪುಸ್ತಕ ಪೊಲೀಸ್ ಠಾಣೆಗೆ ಹೋಯಿತು. ಧರ್ಮವನ್ನು ಹೇಳಿದವಳ ಪುಸ್ತಕ ಪಾಠಶಾಲೆಗೆ ಹೋಯಿತು. ಆದರೆ ನಿಧಾನವಾಗಿ ಓದಿದರೆ ಹೊನ್ನಮ್ಮನಲ್ಲಿಯೂ ಹೆಣ್ಣುಮಗುವನ್ನು ಕೀಳಾಗಿ ಕಾಣುವವರ ಮೇಲೆ ಸಿಟ್ಟು ಇದೆ. ಮುದ್ದುಪಳನಿಯಲ್ಲಿಯೂ ಒಪ್ಪಿ ನಡೆದದ್ದು ಬೇಕಾದಷ್ಟಿದೆ. ಒಪ್ಪಿಗೆಯೂ ಪ್ರಶ್ನೆಯೂ ಒಂದೇ ಕಾವ್ಯದಲ್ಲಿ ಹೆಣೆದುಕೊಂಡಿರುವುದನ್ನು ಬಿಡಿಸಿ ತೋರಿಸುವುದು ಒಳ್ಳೆಯ ವಿಮರ್ಶೆ, ಹೂಮಾಲೆ ಹಾಕುವುದಲ್ಲ.

ಕನ್ನಡದಲ್ಲಿಯೂ ಈ ಕೆಲಸ ನಡೆದಿದೆ. ನಾಗರತ್ನಮ್ಮನವರ ಊರಾದ ನಂಜನಗೂಡಿನಲ್ಲಿಯೇ ೧೮೮೭ರಲ್ಲಿ ಹುಟ್ಟಿದ ತಿರುಮಲಾಂಬ ಅವರು ಬಾಲವಿಧವೆ. ಅಲ್ಲಿಯೇ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ನಡೆಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ತಂದು, ಕಾದಂಬರಿಗಳನ್ನು ಬರೆದರು. ಆಮೇಲೆ ದಶಕಗಳ ಕಾಲ ಮೌನವಾಗಿದ್ದು ೧೯೮೨ರಲ್ಲಿ ತೀರಿಕೊಂಡರು. ಅವರ ಬರವಣಿಗೆಯನ್ನು ಮತ್ತೆ ಚರ್ಚೆಗೆ ತಂದವರಲ್ಲಿ ಮೈಸೂರಿನ ವಿಜಯಾ ದಬ್ಬೆಯವರು ಪ್ರಮುಖರು. ಒಂದೇ ಊರಿನ ಇಬ್ಬರು: ಒಬ್ಬರು ವಿಧವೆ, ಒಬ್ಬರು ಗಣಿಕೆ. ಸುಧಾರಕರ ದೃಷ್ಟಿಯಲ್ಲಿ ಇವರದು ಬೇರೆ ಬೇರೆ ಪ್ರಪಂಚ. ಇಬ್ಬರನ್ನೂ ಒಂದೇ ಚರಿತ್ರೆಯಲ್ಲಿ ಕೂರಿಸಲು ನಮಗೆ ಸಾಧ್ಯವಾದದ್ದು ಈ ಹೊಸ ವಿಮರ್ಶೆಯಿಂದಲೇ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಕೊನೆಗೆ ಆ ಪುಸ್ತಕಕ್ಕೆ ಏನಾಯಿತು? ೧೯೪೬-೪೭ರಲ್ಲಿ ಟಂಗುಟೂರಿ ಪ್ರಕಾಶಂ ಅವರು ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದಾಗ ನಿಷೇಧ ತೆಗೆಯಲ್ಪಟ್ಟಿತು. ದೇವದಾಸೀ ಪದ್ಧತಿಯನ್ನು ನಿಲ್ಲಿಸುವ ಶಾಸನವೂ ಆ ಪ್ರಾಂತದಲ್ಲಿ ೧೯೪೭ರಲ್ಲಿಯೇ ಆಯಿತು. ಕಾವ್ಯಕ್ಕೆ ಬಿಡುಗಡೆಯಾಗುವ ಹೊತ್ತಿಗೆ ಕಾವ್ಯವನ್ನು ಬರೆದ ಕುಲವೇ ಚರಿತ್ರೆಗೆ ಸೇರುತ್ತಿತ್ತು. ೧೯೫೨ರಲ್ಲಿ ವಾವಿಳ್ಳದವರು ಪುಸ್ತಕವನ್ನು ಮತ್ತೆ ಅಚ್ಚುಮಾಡಿದರು. ನಾಗರತ್ನಮ್ಮನವರು ಕಾಲವಾದದ್ದೂ ೧೯೫೨ರಲ್ಲಿ. ಅವರ ಸಮಾಧಿ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಬಳಿಯಲ್ಲೇ ಇದೆ.

ಪುಸ್ತಕ ಕೈಗೆ ಬಂದಾಗ ಪೀಠಿಕೆಯನ್ನು ದಾಟಿ ಕಥೆಗೆ ಹೋಗುವ ಅಭ್ಯಾಸ ನಮ್ಮಲ್ಲಿ ಬಹುಮಂದಿಗೆ ಇದೆ. ಒಮ್ಮೊಮ್ಮೆ ನಿಂತು ನೋಡುವುದು ಒಳ್ಳೆಯದು: ಇದನ್ನು ಪರಿಷ್ಕರಿಸಿದವರು ಯಾರು, ಯಾವ ಭಾಗವನ್ನು ಕೈಬಿಟ್ಟಿದ್ದಾರೆ, ಕವಿ ಯಾರನ್ನು ನೆನೆದಿದ್ದರು, ಆ ಹೆಸರುಗಳು ಇನ್ನೂ ಅಲ್ಲಿವೆಯೇ? ಸ್ತ್ರೀವಾದಿ ವಿಮರ್ಶೆಯ ದೊಡ್ಡ ದೊಡ್ಡ ಗ್ರಂಥಗಳನ್ನು ಓದುವ ಸಾವಕಾಶವಿಲ್ಲದವರು ಇಷ್ಟನ್ನು ಕೇಳಿಕೊಂಡರೂ ಸಾಕು. ಅದರ ಮೊದಲನೆಯ ಪಾಠ ಆದಂತೆಯೇ.